ಪ್ಲೇಡ್ ಅಂದ್ರ ಯಾರು ಆಡಿದ್ರು?

ಖಾನಾಪುರ ತಾಲ್ಲೂಕಿನ ಶಾಲೆಗೆ ಹಾಜರಾಗಲು ಹೋದ ಮೊದಲ ದಿನ ನಾನು ಊಟದ ಗಂಟೆ ಹೊಡೆಯುವವರೆಗೂ ಮುಖ್ಯೋಪಾಧ್ಯಾಯರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಬೆಳಿಗ್ಗೆಯೇ ಜವಾನ ಬಂದು, "ಸರ್‌ಗೆ ಆರಾಮಿಲ್ರಿ" ಅಂದಿದ್ದ. ನಮ್ಮ ಕೊಳ್ಳೇಗಾಲದ ಕಡೆ ಆರಾಮ ಎಂದರೆ ಬಿಡುವು. ಪಾಪ, ಪುರುಸೊತ್ತಿಲ್ಲದೆ ದುಡಿಯುವ ಮನುಷ್ಯ, ಕಾಯೋಣ ಅಂದುಕೊಂಡೆ. ಮಧ್ಯಾಹ್ನ ಜವಾನ ಮತ್ತೆ ಆ ಕಡೆ ಬಂದವನು ನನ್ನನ್ನು ಕಂಡು ಗಾಬರಿಯಾದ.

"ಟೀಚರ್, ಇನ್ನೂ ಇಲ್ಲೇ ಕುಂತೀರೇನ್ರಿ? ಸರ್ ಮನ್ಯಾಗ ಮಲಗ್ಯಾರ. ಜ್ವರ ಬಂದಾವ್ರಿ ಅವರಿಗೆ."

ಇಲ್ಲಿ ಆರಾಮಿಲ್ಲ ಅಂದರೆ ಮೈಗೆ ಹುಷಾರಿಲ್ಲ ಅಂತ. ಬೇರೆ ಭಾಷೆಯ ನಾಡಿಗೆ ಹೋಗಿದ್ದರೆ ಅರ್ಥವಾಗುವುದಿಲ್ಲ ಎಂದು ಗೊತ್ತಿದ್ದೇ ಹೋಗಿರುತ್ತಿದ್ದೆ. ಇದು ಕನ್ನಡವೇ. ಎಲ್ಲ ಅರ್ಥವಾಯಿತು ಅಂದುಕೊಂಡು ಅರ್ಧ ದಿನ ಬೆಂಚಿನ ಮೇಲೆ ಕೂತಿದ್ದೆನಲ್ಲ, ಆ ಪೆಚ್ಚು ಇನ್ನೂ ಮರೆತಿಲ್ಲ.

ನಾವು ಇಷ್ಟು ದೂರ ಬಂದದ್ದು ನನ್ನ ನೌಕರಿಗಾಗಿ. ನನ್ನ ಗಂಡ ಮಾದೇಶ ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದರು. ನಮಗೆ ಮಕ್ಕಳಿಲ್ಲ. ಇಂಗ್ಲಿಷ್ ಶಿಕ್ಷಕಿಯಾಗಿ ಸರ್ಕಾರಿ ಆದೇಶ ಬಂದು ಅದರಲ್ಲಿ ಖಾನಾಪುರ ಅಂತ ಇದ್ದದ್ದನ್ನು ಓದಿದಾಗ ಅತ್ತೆ, "ಗೋವಾ ಪಕ್ಕದಲ್ಲದಂತಲ್ಲವ್ವ!" ಅಂತ ಎದೆ ಮೇಲೆ ಕೈಯಿಟ್ಟುಕೊಂಡರು. ನಾನೊಬ್ಬಳೇ ಹೋಗಿ ಹಾಸ್ಟೆಲಿನಲ್ಲಿ ಇರುತ್ತೇನೆ ಅಂದೆ. ಮಾದೇಶ ಒಪ್ಪಲಿಲ್ಲ.

"ನೀನೊಬ್ಳೇ ಹೆಂಗಿದ್ದೀಯಮ್ಮಿ? ಲೇತು ಎಲ್ಲೋದ್ರೂ ತಿರುಗ್ತದ. ನಾನೂ ಬತ್ತೀನಿ."

ಬೆಳಗಾವಿಯ ಆಟೋ ನಗರದಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಒಂದು ವರ್ಕ್‌ಶಾಪಿನಲ್ಲಿ ಅವರಿಗೆ ಕೆಲಸ ಸಿಕ್ಕಿತು. ನಗರದಲ್ಲೇ ಮನೆ ಮಾಡಿ ನಾನು ಖಾನಾಪುರಕ್ಕೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಹಲಸಿ ಕಡೆಯ ಇನ್ನೊಂದು ಬಸ್ಸು ಹಿಡಿಯುವುದು ಎಂದಾಯಿತು. ಮನೆ ಸಿಕ್ಕಿದ್ದು ವಡಗಾವಿಯಲ್ಲಿ. ಎರಡು ಸೈಕಲ್ಲುಗಳು ಎದುರಾದರೆ ಒಂದು ನಿಲ್ಲಬೇಕಾದಂಥ ಓಣಿ. ನಮ್ಮ ಗೋಡೆಯ ಆಚೆ ಮನೆ ಮಾಲೀಕರ ಮಗ್ಗಗಳು. ಬೆಳಗಾದರೆ ಖಟಾಖಟ್ ಶುರುವಾಗಿ ಗೋಡೆಗೆ ಒರಗಿದರೆ ಬೆನ್ನು ನಡುಗುತ್ತಿತ್ತು. ನನಗೆ ತಲೆ ಸಿಡಿಯುತ್ತಿತ್ತು. ಮಾದೇಶರು ಮಾತ್ರ ಗೋಡೆಗೆ ಕಿವಿಯಿಟ್ಟು, "ಆ ಕೊನೇ ಮಗ್ಗಕ್ಕೆ ಎಣ್ಣೆ ಬೇಕು ಕಣಮ್ಮಿ" ಅನ್ನುತ್ತಿದ್ದರು.

ಮನೆಯ ಒಡತಿ ಕಸ್ತೂರಿ ಕಾಕು. ಕಾಕು ಅಂದರೆ ಇಲ್ಲಿ ಚಿಕ್ಕಮ್ಮ. ಓಣಿಗೆಲ್ಲ ಅವರು ಕಾಕುವೇ. ಸಾಮಾನು ಇಳಿಸಿದ ದಿನ ಮಾದೇಶರು ಅಕ್ಕಿ ಮೂಟೆ ಎತ್ತಲು ಹೋದಾಗ ಆಕೆ ತಡೆದು, "ಗಪ್ ಕುಂದರ್ರಿ, ನಮ್ಮ ಹುಡುಗ್ರು ತರ್ತಾರ" ಅಂದರು. ನನಗೆ ಮುಖಕ್ಕೆ ಹೊಡೆದಂತಾಯಿತು. ಬಾಡಿಗೆಗೆ ಬಂದ ಗಂಡಸಿಗೆ ಬಾಯ್ಮುಚ್ಚಿಕೊಂಡು ಕೂರು ಅನ್ನುವುದೇ? ಇಡೀ ದಿನ ಸಿಡುಕಿಕೊಂಡಿದ್ದೆ. ಸಂಜೆ ಅದೇ ಕಸ್ತೂರಿ ಕಾಕು ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ತಂದಿಟ್ಟು, ನಾನು ನೀರು ತರಲು ಎದ್ದರೆ ನನಗೂ "ಗಪ್ ಕುಂದರ್ರಿ" ಅಂದಾಗ ಅದು ಉಪಚಾರದ ಮಾತು ಎಂದು ತಿಳಿಯಿತು.

ಆಮೇಲೆ ನಾನು ಅವರಿಂದ ರೊಟ್ಟಿ ಬಡಿಯಲು ಕಲಿಯಲು ಹೋದೆ. ನನ್ನದು ಮುದ್ದೆ ತಿರುವಿದ ಕೈ. ರೊಟ್ಟಿ ಅಂಚಿನಲ್ಲಿ ಹರಿದು ಹರಿದು ಹೋಗುತ್ತಿತ್ತು. ಮೊದಲ ಸಲ ಒಂದು ರೊಟ್ಟಿ ಹೆಂಚಿನ ಮೇಲೆ ಉಬ್ಬಿದಾಗ ಕಾಕು ಓಣಿಗೆ ಕೇಳುವಂತೆ, "ನಮ್ಮ ಟೀಚರ್ ರೊಟ್ಟಿ ಉಬ್ಬೇತ್ರಿ!" ಎಂದು ಕೂಗಿದರು. 'ನಮ್ಮ ಟೀಚರ್' ಎಂದದ್ದು ಅವತ್ತೇ ಮೊದಲು.

ಶಾಲೆಯಲ್ಲಿ ನನ್ನ ಮಕ್ಕಳು ಮನೆಯಲ್ಲಿ ಮರಾಠಿ, ಬಯಲಲ್ಲಿ ಎರಡೂ, ತರಗತಿಯಲ್ಲಿ ಕನ್ನಡ ಆಡುವವರು. ಅವರಿಗೆ ಇಂಗ್ಲಿಷ್ ಮೂರನೆಯದೋ ನಾಲ್ಕನೆಯದೋ ಮಾತು. ನಾನು ಶುರು ಮಾಡಿದ್ದು ಸುಲಭದ ಕ್ರಿಯಾಪದಗಳಿಂದ. ನಡೆದು ಹೋದ ಕೆಲಸ ಹೇಳಬೇಕಾದರೆ ಪದದ ಬಾಲಕ್ಕೆ ಇ, ಡಿ ಎರಡು ಅಕ್ಷರ ಸೇರಿಸಿದರೆ ಮುಗಿಯಿತು. ಪ್ಲೇ, ಪ್ಲೇಡ್. ವಾಕ್, ವಾಕ್ಟ್. ವಾಂಟ್, ವಾಂಟೆಡ್. ಬರೆಯುವಾಗ ಬಾಲ ಒಂದೇ, ಬಾಯಲ್ಲಿ ಮಾತ್ರ ಒಮ್ಮೆ ಡ್, ಒಮ್ಮೆ ಟ್, ಒಮ್ಮೆ ಇಡ್. ಬೋರ್ಡಿನ ಮೇಲೆ ನಾನು, ನೀನು, ಅವನು, ಅವಳು, ಅವರು ಎಂದು ಬರೆದು ಎಲ್ಲದರ ಮುಂದೂ 'ಪ್ಲೇಡ್' ಎಂದೇ ಬರೆದೆ. ಹಲಸಿ ಹತ್ತಿರದ ಹಳ್ಳಿಯಿಂದ ಬರುತ್ತಿದ್ದ ಜ್ಯೋತಿ ಎನ್ನುವ ಹುಡುಗಿ ಎದ್ದು ನಿಂತಳು.

"ಟೀಚರ್, ಬರೀ ಪ್ಲೇಡ್ ಅಂದ್ರ ಯಾರು ಆಡಿದ್ರು ಅಂತ ಹೆಂಗ್ ತಿಳೀಬೇಕ್ರಿ?"

"ಮೊದಲೇ ಹೇಳಬೇಕು. ಹೀ ಪ್ಲೇಡ್, ಶೀ ಪ್ಲೇಡ್. ಆ ಪದ ಬಿಟ್ಟರೆ ತಿಳಿಯೋದಿಲ್ಲ."

"ನಮ್ಮದ್ರಾಗ ಬಿಟ್ರೂ ತಿಳೀತೈತಲ್ರಿ" ಅಂದಳು. ನಿಜ. ಆಡಿದ ಅಂದರೂ ಆಡಿದಳು ಅಂದರೂ ಆಡಿದವರು ಯಾರೆಂದು ಕನ್ನಡದ ಬಾಲದಲ್ಲೇ ಇದೆ.

ಅವರಿಗೆ ಇಂಗ್ಲಿಷ್ ಕಲಿಸುತ್ತ ನಾನು ಅವರ ಕನ್ನಡ ಕಲಿತೆ. 'ಹ್ಯಾಸ್ ಪ್ಲೇಡ್' ಎಂಬುದನ್ನು ಹೇಗೆ ಹೇಳುವುದೆಂದು ತಿಣುಕುತ್ತಿದ್ದಾಗ ಮಕ್ಕಳೇ ದಾರಿ ತೋರಿಸಿದರು. ಆಡಿ ಮುಗಿಸಿ ಇನ್ನೂ ಬೆವರು ಆರದೆ ಎದುರಿಗೆ ನಿಂತವನ ಬಗ್ಗೆ ಅವರು 'ಆಡ್ಯಾನ' ಅನ್ನುತ್ತಾರೆ. ಅವಳಾದರೆ ಆಡ್ಯಾಳ, ನಾನಾದರೆ ಆಡೇನಿ. ನಾವು ಕೊಳ್ಳೇಗಾಲದವರು ಇದಕ್ಕೆ ಆಡಿದ್ದಾನೆ ಎಂದು ಉದ್ದಕ್ಕೆ ಎಳೆಯುತ್ತೇವೆ. ಅವರು ಒಂದೇ ಉಸಿರಿನಲ್ಲಿ ಮುಗಿಸುತ್ತಾರೆ. ಇನ್ನೊಂದು ಖುಷಿ: ಇಲ್ಲಿ ಕೆಲವರು 'ಐತಿ' ಅಂದರೆ ಕೆಲವರು 'ಅದ' ಅನ್ನುತ್ತಾರೆ. ನಮ್ಮ ಅತ್ತೆಯೂ 'ಅದ' ಅನ್ನುವವರೇ. ನಡುವೆ ಇಷ್ಟೊಂದು ಜಿಲ್ಲೆಗಳನ್ನು ದಾಟಿ ಬಂದು ಆ ಪುಟ್ಟ ಪದ ಬಸ್ಸಿನಲ್ಲಿ ಕಿವಿಗೆ ಬಿದ್ದಾಗ ಹಿಂದಿರುಗಿ ನೋಡಿದ್ದೇನೆ, ನಮ್ಮೂರವರು ಯಾರಾದರೂ ಬಂದರೇನೋ ಎಂದು.

ತರಗತಿಯಲ್ಲಿ ಕೊಡುವ ಉದಾಹರಣೆಗಳಿಗೆಲ್ಲ ನಾನು ಮಾದೇಶರನ್ನೇ ಎಳೆಯುತ್ತಿದ್ದೆ. ಮಾದೇಶ್ ವರ್ಕ್ಸ್ ಇನ್ ಆಟೋ ನಗರ. ಮಾದೇಶ್ ಕುಕ್ಡ್ ಮುದ್ದೆ ಯೆಸ್ಟರ್ಡೇ. ಮಕ್ಕಳಿಗೆ ಮುದ್ದೆ ಗೊತ್ತಿಲ್ಲ, ಮಾದೇಶ ಗೊತ್ತು. ಒಮ್ಮೆ ಅವರು ಶಾಲೆಗೆ ಬಂದಾಗ ಇಡೀ ತರಗತಿ ಎದ್ದು, "ಮಾದೇಶ್ ವಾಕ್ಟ್ ಟು ಸ್ಕೂಲ್!" ಎಂದು ಕೂಗಿತು. ಇವರು ನಾಚಿ ಬಾಗಿಲ ಹೊರಗೇ ನಿಂತುಬಿಟ್ಟರು.

ಸಂಜೆ ವಡಗಾವಿಯ ಓಣಿ ಮಕ್ಕಳು ನಮ್ಮ ಮನೆಗೆ ಪಾಠಕ್ಕೆ ಬರುತ್ತಿದ್ದರು. ಗೋಡೆಯಾಚೆ ಮಗ್ಗ ಬಡಿಯುವ ಲಯಕ್ಕೆ ಸರಿಯಾಗಿ ಕ್ರಿಯಾಪದಗಳ ಮೂರು ರೂಪ ಹಾಡುವುದು: ಪ್ಲೇ, ಪ್ಲೇಡ್, ಪ್ಲೇಡ್, ವಾಕ್, ವಾಕ್ಟ್, ವಾಕ್ಟ್. ಕೆಲಸದಿಂದ ಬಂದ ಮಾದೇಶ ಕೈಯ ಗ್ರೀಸು ತೊಳೆದುಕೊಂಡು ಮಕ್ಕಳ ಹಿಂದೆ ಕೂರುತ್ತಿದ್ದರು. ಅವರು ಏಳನೇ ತರಗತಿಗೆ ಶಾಲೆ ಬಿಟ್ಟವರು. "ನಮ್ಮ ವರ್ಕ್‌ಶಾಪ್‌ದೂ ಸೇರಿಸಮ್ಮಿ" ಎಂದು ತಮ್ಮವನ್ನು ತಂದರು: ಟರ್ನ್, ಟರ್ನ್ಡ್, ಟರ್ನ್ಡ್, ಡ್ರಿಲ್, ಡ್ರಿಲ್ಡ್, ಡ್ರಿಲ್ಡ್, ಪಾಲಿಶ್, ಪಾಲಿಶ್ಡ್, ಪಾಲಿಶ್ಡ್. ಮಕ್ಕಳಿಗೆ ಅವೇ ಹೆಚ್ಚು ಇಷ್ಟವಾದವು. ನನ್ನ ಜೀವನದಲ್ಲಿ ಅಷ್ಟು ತುಂಬಿದ ಸಂಜೆಗಳು ಬೇರೆ ಇರಲಿಲ್ಲ. ಊರು ಬಿಟ್ಟು ಬಂದ ದುಃಖ ಆರುತ್ತ ಬಂದಿತ್ತು.

ಒಂದು ದಿನ ನಾನು ತರಗತಿಯಲ್ಲಿರುವಾಗ ಫೋನ್ ಬಂತು. ಮಾದೇಶರ ಜೊತೆ ಕೆಲಸ ಮಾಡುವವರು.

"ಟೀಚರ್, ಮಾದೇಶಣ್ಣಾಗ ಆರಾಮಿಲ್ರಿ. ಲಗೂನ ಬರ್ರಿ."

ಈಗ ಆ ಪದದ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದ ಮೊದಲ ದಿನದಂತೆ ಇನ್ನೊಂದು ಗಳಿಗೆ ಸುಮ್ಮನೆ ಕೂತಿರಬಹುದಾಗಿದ್ದರೆ ಅನ್ನಿಸಿತು.

ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕಸ್ತೂರಿ ಕಾಕು ಅಲ್ಲಿದ್ದರು. ಲಕ್ವಾ ಹೊಡೆದಿತ್ತು. ಲೇತಿನ ಮುಂದೆಯೇ ಕುಸಿದಿದ್ದರಂತೆ. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಜೀವಕ್ಕೆ ಭಯವಿಲ್ಲ ಅಂದರು ಡಾಕ್ಟರು. ಮಾದೇಶ ನನ್ನನ್ನು ನೋಡಿದರು, ಗುರುತು ಹಿಡಿದರು, ಬಾಯಿ ತೆರೆದರು. "ತ... ತ..." ಅಷ್ಟೇ ಬಂತು. ಅದು ಮಾತಲ್ಲ ಎಂದು ಅವರಿಗೂ ಗೊತ್ತಾಗಿ, ಕಣ್ಣಲ್ಲಿ ಎಂಥದೋ ಹೆದರಿಕೆ ಹುಟ್ಟಿದ್ದನ್ನು ನಾನು ನೋಡಿದೆ.

ಮನೆಗೆ ಬಂದ ಮೇಲೆ ಕಾಲು ಸ್ವಲ್ಪ ಸ್ವಲ್ಪ ಆಡತೊಡಗಿತು. ಗೋಡೆ ಹಿಡಿದು ಬಚ್ಚಲಿಗೆ ಹೋಗುವಷ್ಟಾದರು. ಮಾತು ಬರಲಿಲ್ಲ. ನಾವು ಹೇಳಿದ್ದು ತಿಳಿಯುತ್ತಿತ್ತು, ಅವರದು ಹೊರಗೆ ಬರುತ್ತಿರಲಿಲ್ಲ. ನಾನು ರಜೆ ಹಾಕಿ ಮನೆಯಲ್ಲಿದ್ದೆ. ಪಾಠ ನಿಲ್ಲಿಸಿದ್ದೆ. ಸಂಜೆ ಆದರೆ ಆ ಮನೆಯಲ್ಲಿ ಮಗ್ಗದ ಸದ್ದು ಬಿಟ್ಟು ಇನ್ನೇನೂ ಇರುತ್ತಿರಲಿಲ್ಲ. ಒಂದು ದಿನ ಕಾಕು ಬಂದು, "ಹಿಂಗ ಮೂಕರಂಗ ಕುಂತ್ರ ಇಬ್ರಿಗೂ ಹುಚ್ಚು ಹಿಡೀತೈತ್ರಿ. ಹುಡುಗ್ರು ಬರ್ಲಿ" ಎಂದು ತಾವೇ ಮಕ್ಕಳನ್ನು ಕರೆತಂದರು.

ಮಕ್ಕಳು ಹೆದರಿಕೊಂಡೇ ಕೂತರು. ಮೊದಲು ಮೆಲ್ಲಗೆ, ಆಮೇಲೆ ಅಭ್ಯಾಸದ ದನಿಯಲ್ಲಿ ಶುರುವಾಯಿತು. ಪ್ಲೇ, ಪ್ಲೇಡ್, ಪ್ಲೇಡ್. ವಾಕ್, ವಾಕ್ಟ್... ಮಂಚದ ಕಡೆಯಿಂದ ಒಂದು ಗೊಗ್ಗರು ದನಿ ಕೇಳಿತು.

"ವಾಕ್ಟ್."

ಮಕ್ಕಳು ನಿಲ್ಲಿಸಿದರು. ಮಾದೇಶ ನಿಲ್ಲಿಸಲಿಲ್ಲ. "ಟರ್ನ್, ಟರ್ನ್ಡ್, ಟರ್ನ್ಡ್. ಡ್ರಿಲ್, ಡ್ರಿಲ್ಡ್, ಡ್ರಿಲ್ಡ್." ಒಂದೂ ತೊದಲದೆ ಸ್ಪಷ್ಟವಾಗಿ ಹೇಳಿದರು. ನಾನು ಅವರ ಕಾಲು ಹಿಡಿದು ಅತ್ತುಬಿಟ್ಟೆ. ಕಾಕು ಓಡಿಹೋಗಿ ಮಗ್ಗ ನಿಲ್ಲಿಸಿ ಬಂದರು. "ಮಾತು ಬಂತು, ಮಾದೇಶಣ್ಣಾಗ ಮಾತು ಬಂತು" ಎಂದು ಓಣಿಯೆಲ್ಲ ಪೇಢೆ ಹಂಚಿದರು.

ಮರುದಿನ ಬೆಳಿಗ್ಗೆ ನಾನು ಲೋಟ ಹಿಡಿದು, "ನೀರು ಬೇಕಾ?" ಅಂದೆ. ಅವರು ಆಸೆಯಿಂದ ಬಾಯಿ ತೆರೆದರು.

"ವಾಂಟ್, ವಾಂಟೆಡ್, ವಾಂಟೆಡ್."

"ಬೇಕು ಅನ್ನಿ. ಬೇಕು."

"ವಾಂಟೆಡ್. ಪ್ಲೇಡ್. ಪಾಲಿಶ್ಡ್, ಪಾಲಿಶ್ಡ್..."

ಹೇಳಬೇಕೆಂದದ್ದು ಅದಲ್ಲ ಎಂದು ಅವರಿಗೆ ತಿಳಿಯುತ್ತಿತ್ತು. ನಿಲ್ಲಿಸಲು ಆಗುತ್ತಿರಲಿಲ್ಲ. ಎಡಗೈಯಿಂದ ತಮ್ಮ ಬಾಯಿಯನ್ನೇ ಮುಚ್ಚಿಕೊಂಡರು. ಲೋಟ ನನ್ನ ಕೈಯಲ್ಲೇ ಉಳಿಯಿತು.

ಮಾತಿನ ತರಬೇತಿ ಕೊಡುವ ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋದೆ. ಆಕೆ ಎಲ್ಲ ಕೇಳಿ ನನ್ನನ್ನು ಹೊರಗೆ ಕರೆದರು. "ಇದು ಬಾಯಿಪಾಠದ ಮಾತ್ರಿ. ಮಗ್ಗಿ, ದೇವರ ನಾಮ, ವಾರಗಳ ಹೆಸರು ಇಂಥವು ಲಕ್ವಾದಾಗೂ ಉಳೀತಾವ. ತಾವಾಗಿ ಬರ್ತಾವ, ಬೇಕಂದಾಗ ಬರಂಗಿಲ್ಲ. ಇದನ್ನ ಮಾತಂತ ತಿಳ್ಕೋಬ್ಯಾಡ್ರಿ." ಆಮೇಲೆ ಕೇಳಿದರು: "ದಿನಾ ಪೂರ್ತಿ ಅವರ ಸಂಗಡ ಮಾತಾಡವ್ರು ಯಾರ ಅದಾರ್ರಿ? ಸಣ್ಣಂದಿನಿಂದ ಕೇಳಿದ ಮಾತು ಕಿವಿಗೆ ಬೀಳ್ತಿರಬೇಕು. ಹಳೇ ಮಂದಿ, ಹಳೇ ಹೆಸರು."

ಯಾರಿದ್ದರು? ನನ್ನ ರಜೆ ಮುಗಿದು ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯವರೆಗೆ ಅವರ ಬಳಿ ಇರುತ್ತಿದ್ದದ್ದು ಕಸ್ತೂರಿ ಕಾಕು. ಕಾಕು ಕೆಲಸ ಬಿಟ್ಟು ಬಂದು ಕೂತು ಬಾಯಿ ತುಂಬ ಮಾತಾಡುತ್ತಿದ್ದರು. ಮಾದೇಶ ಅವರ ತುಟಿಯನ್ನೇ ನೋಡುತ್ತಿದ್ದರು. ಹುಷಾರಿದ್ದಾಗ ನಗುತ್ತ ಕಲಿತಿದ್ದ ಕುಂದರ್ರಿ, ಲಗೂನ, ಖರೇ ಎಲ್ಲವೂ ಈಗ ಅವರಿಗೆ ಮತ್ತೆ ಹೊಸದಾಗಿದ್ದವು. ಸುಸ್ತಾಗಿ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. "ನನ್ನ ಮಾತು ಅವರಿಗೆ ಮುಟ್ಟವಲ್ದ್ರಿ, ಟೀಚರ್" ಎಂದು ಕಾಕು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ವರ್ಗಾವಣೆ ಕೇಳಿದೆ. ಸರದಿ ದೂರವಿತ್ತು. ನೌಕರಿ ಬಿಟ್ಟರೆ ಅವರ ಔಷಧಿ, ನಮ್ಮಿಬ್ಬರ ಊಟ ಎರಡೂ ನಿಲ್ಲುತ್ತಿದ್ದವು. ಕೊನೆಗೆ ಊರಿನಿಂದ ಭಾವ, ಅಂದರೆ ಮಾದೇಶರ ಅಣ್ಣ, ಬಂದರು. ಎರಡು ದಿನ ಇದ್ದು ನೋಡಿದರು. ಮೂರನೆಯ ದಿನ ಚಹಾ ಕುಡಿಯುತ್ತ ತಲೆ ತಗ್ಗಿಸಿಕೊಂಡೇ ಹೇಳಿದರು: "ಕರ್ಕೊಂಡೋಯ್ತೀನಿ ಕಣವ್ವ. ಅವ್ವ ಅವ್ಳ, ನಾವೆಲ್ಲ ಇದ್ದೀವಿ. ನೀನು ಇಲ್ಲಿರು. ಬ್ಯಾರೆ ದಾರಿ ನಂಗೂ ಕಾಣ್ದು."

ನನಗಾಗಿ ಊರು ಬಿಟ್ಟು ಬಂದವರು ಊರಿಗೆ ಹೊರಟರು. ಒಲ್ಲದ ಮನಸ್ಸಿನಿಂದ ಬಂದಿದ್ದ ನಾನು ಇಲ್ಲಿ ಉಳಿದೆ. ರೈಲು ನಿಲ್ದಾಣದಲ್ಲಿ ಭಾವ ಅವರನ್ನು ಕಿಟಕಿಯ ಬಳಿ ಕೂರಿಸಿದರು. ನಾನು ಕಿಟಕಿಯ ಸರಳಿನೊಳಗೆ ಕೈ ತೂರಿಸಿ ಅವರ ಎಡಗೈ ಹಿಡಿದಿದ್ದೆ. ಏನೋ ಹೇಳಬೇಕೆಂದು ಅವರ ಮುಖವೆಲ್ಲ ಬಿಗಿಯಿತು. ಬಂದದ್ದು, "ಟರ್ನ್, ಟರ್ನ್ಡ್..." ಪಕ್ಕದ ಸೀಟಿನ ಹುಡುಗಿಯೊಬ್ಬಳು ನಕ್ಕಳು. ಅವಳಿಗೇನು ಗೊತ್ತು.

ಅಂದಿನಿಂದ ತರಗತಿಯಲ್ಲಿ ಮೂರು ರೂಪಗಳನ್ನು ಹಾಡಿಸುವುದು ನನ್ನಿಂದಾಗಲಿಲ್ಲ. ಬರೆಸುತ್ತೇನೆ, ವಾಕ್ಯ ಮಾಡಿಸುತ್ತೇನೆ. ಮಕ್ಕಳು ಕೇಳಿದರೆ ಗಂಟಲು ಸರಿಯಿಲ್ಲ ಅನ್ನುತ್ತೇನೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ 'ವರ್ಕ್' ಪದದ ಭೂತಕಾಲ ಬಳಸಿ ಒಂದು ವಾಕ್ಯ ಬರೆಯಿರಿ ಎಂದು ಕೇಳಿದ್ದೆ. ಜ್ಯೋತಿ ಬರೆದಿದ್ದಳು: 'ಮಾದೇಶ್ ವರ್ಕ್ಡ್ ಇನ್ ಆಟೋ ನಗರ.' ದೊಡ್ಡಕ್ಷರ, ಬಾಲ, ಕೊನೆಯ ಚುಕ್ಕೆ ಎಲ್ಲ ಸರಿಯಾಗಿತ್ತು. ಕೆಂಪು ಪೆನ್ನಿನಲ್ಲಿ ಸರಿ ಗುರುತು ಹಾಕಿ, ಉತ್ತರ ಪತ್ರಿಕೆ ಮುಚ್ಚಿಟ್ಟು, ಶಾಲೆಯ ಹಿಂದಿನ ಬಾವಿಕಟ್ಟೆಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಊರಿನಿಂದ ಫೋನಿನಲ್ಲಿ ಸುದ್ದಿ ಬರುತ್ತಿತ್ತು. 'ಅವ್ವ' ಅಂದರಂತೆ. ಆಮೇಲೆ ಹಸುವಿನ ಹೆಸರು ಬಂತು. ಆಮೇಲೆ ಬಾಲ್ಯದ ಗೆಳೆಯರ ಅಡ್ಡಹೆಸರುಗಳು ಒಂದೊಂದಾಗಿ ಬಂದವಂತೆ. ಇಂಗ್ಲಿಷ್ ಕ್ರಿಯಾಪದಗಳು ಕಡಿಮೆಯಾಗುತ್ತ ಬಂದು ಒಂದು ದಿನ ಪೂರ್ತಿ ನಿಂತವು ಎಂದು ಭಾವ ಸಂತೋಷದಿಂದ ಹೇಳಿದರು. ನಾನೂ ಸಂತೋಷಪಟ್ಟೆ. ಫೋನಿಟ್ಟ ಮೇಲೆ ಹೊಳೆಯಿತು: ನಾವಿಬ್ಬರೂ ಇಲ್ಲಿ ಕೂಡಿಸಿಟ್ಟದ್ದರಲ್ಲಿ ಅವರ ಬಾಯಲ್ಲಿ ಉಳಿದಿದ್ದದ್ದು ಆ ಕ್ರಿಯಾಪದಗಳಷ್ಟೇ.

ದಸರಾ ರಜೆಗೆ ಹೋದೆ. ಮಾದೇಶ ಜಗಲಿಯ ಮೇಲೆ ಬಿಸಿಲಿಗೆ ಕೂತಿದ್ದರು. ಮೈ ತುಂಬಿಕೊಂಡಿದ್ದರು. ನನ್ನನ್ನು ಕಂಡು ಮುಖ ಅರಳಿತು.

"ಟೀಚರ್!" ಅಂದರು.

ಓಣಿಯ ಮಕ್ಕಳು, ಕಾಕು ನನ್ನನ್ನು ಕರೆಯುತ್ತಿದ್ದ ಹೆಸರು. ಅವರು ಕರೆಯುತ್ತಿದ್ದದ್ದು ಅಮ್ಮಿ ಎಂದು, ಹೆಸರು ಹಿಡಿದರೆ ಮಂಜಿ ಎಂದು. ರಜೆಯುದ್ದಕ್ಕೂ ಹತ್ತಿರ ಕೂತು ಆ ಹೆಸರು ಹೇಳಿಕೊಟ್ಟೆ. ಅವರು ತಲೆಯಾಡಿಸುತ್ತಿದ್ದರು, ನಗುತ್ತಿದ್ದರು, "ಟೀಚರ್" ಅನ್ನುತ್ತಿದ್ದರು. ಅತ್ತೆ ಮುದ್ದೆ ಬಡಿಸಿದಾಗ ನಾನು, "ಸಾಕ್ರಿ, ಇನ್ನ ಬ್ಯಾಡ್ರಿ" ಅಂದುಬಿಟ್ಟೆ. ಮನೆಯವರೆಲ್ಲ ನಕ್ಕರು. "ಇವ್ಳು ಆ ಕಡೆಯೋಳೇ ಆಗೋದ್ಲು" ಅಂದರು ಅತ್ತೆ. ವಡಗಾವಿಯಲ್ಲಿ ನಾನು ಇವತ್ತಿಗೂ ಮೈಸೂರು ಕಡೆಯವಳು.

ಹೊರಡುವ ದಿನ ಮಾದೇಶ ಕೋಲೂರಿಕೊಂಡು ಭಾವನ ಜೊತೆ ರಸ್ತೆಯವರೆಗೆ ಬಂದರು. ಮೈಸೂರು ಬಸ್ಸು ನಿಂತಿತು. ನಾನು ಹತ್ತಿ ಕೂತೆ. ಅವರು ಕಂಡಕ್ಟರನ ತೋಳು ಹಿಡಿದು ನಿಲ್ಲಿಸಿದರು. ತುಟಿ ಸ್ವಲ್ಪ ಹೊತ್ತು ಸುಮ್ಮನೆ ಆಡಿತು. ಆಮೇಲೆ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದರು:

"ಇವ್ರು ಬೆಳಗಾವಿಯೋರು. ಉಸಾರಾಗಿ ಇಳುಸ್ಬುಡಿ."

ಭಾವ ಬೆಚ್ಚಿಬಿದ್ದು ನನ್ನತ್ತ ನೋಡಿದರು. ಕಾಯಿಲೆ ಬಿದ್ದ ಮೇಲೆ ಅವರ ಬಾಯಿಂದ ಬಂದ ಮೊದಲ ಪೂರ್ತಿ ಮಾತು ಅದು. ನಾನು ಇಳಿಯಬೇಕೆಂದು ಎದ್ದೆ. ಅಷ್ಟರಲ್ಲಿ ಸೀಟಿ ಊದಿ ಬಸ್ಸು ಹೊರಟಿತ್ತು. ಕಿಟಕಿಯಿಂದ ನೋಡಿದರೆ ಮಾದೇಶ ಎಡಗೈ ಎತ್ತಿ ನಿಂತಿದ್ದರು, ಮನೆಗೆ ಬಂದು ಹೋಗುವ ಗೌರವಸ್ಥರನ್ನು ಬೀಳ್ಕೊಡುವಂತೆ.

ಯಾರಿಗಾದರೂ ತಕ್ಷಣ ಹೇಳಬೇಕೆನಿಸಿತು. ಕೈ ತಾನಾಗಿ ಕಸ್ತೂರಿ ಕಾಕುವಿನ ನಂಬರ್ ಒತ್ತಿತು.

"ಕಾಕು, ಇವರು ಮಾತಾಡ್ಯಾರ್ರಿ. ಪೂರ್ತಿ ಮಾತಾಡ್ಯಾರ."

"ಖರೇನ?" ಆ ಕಡೆಯಿಂದ ಕಾಕು ಕೂಗಿದರು. ಅಳುತ್ತಿದ್ದಾರೆ ಎಂದು ದನಿಯಲ್ಲೇ ತಿಳಿಯಿತು. "ನನ್ನವ್ವ, ಏನಂದ್ರು? ನಿಮಗ ಏನಂದ್ರು ಹೇಳ್ರಿ!"

ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಕಾಕು ಕೇಳುತ್ತಲೇ ಇದ್ದರು.